ಬಾಲದೊಳಗಿನ ಕೈ

ಲಿಂಗಣ್ಣ ಕಾಕಾ ಗ್ಲೈಡರಿನ ಬಾಲದೊಳಗೆ ಕೈ ಹಾಕಿದರೆಂದರೆ ಶೆಡ್ಡಿನಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ. ನಮ್ಮಪ್ಪನ ಕಾಲದಿಂದ ನಡೆದು ಬಂದ ಕಟ್ಟಳೆ ಇದು. ಫೋನು ಬಂದವರು ಹೊರಗೆ ಹೋಗಬೇಕು, ಕೆಮ್ಮು ಬಂದವರು ನುಂಗಿಕೊಳ್ಳಬೇಕು. ಕಾಕಾ ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ, ಬಾಲದ ಪಕ್ಕದ ಸಣ್ಣ ಕಿಂಡಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ, ಒಳಗೆ ತಡಕಾಡಿ, ಕೊನೆಗೆ ‘ಐತಿ’ ಎನ್ನುತ್ತಾರೆ. ಆ ಒಂದು ಮಾತನ್ನು ನಂಬಿ ನಾನು ಮುಂದಿನ ಒಂದು ವರ್ಷ ಆಕಾಶದಲ್ಲಿ ಓಡಾಡುತ್ತೇನೆ.

ನಾನು ಅಹಲ್ಯಾ, ಮಲ್ಕಾಜ್‌ಗಿರಿಯಲ್ಲಿ ಹಲ್ಲಿನ ಡಾಕ್ಟರು. ವಾರವಿಡೀ ಜನರ ಬಾಯಲ್ಲಿ ಕೈಯಿಟ್ಟು ಅವರ ಮಾತು ನಿಲ್ಲಿಸುವುದು ನನ್ನ ಕಸುಬು. ಭಾನುವಾರ ಬಂತೆಂದರೆ ಪಟಾನ್‌ಚೆರು ದಾಟಿ, ಔಷಧ ಕಾರ್ಖಾನೆಗಳ ವಾಸನೆ ದಾಟಿ, ಒಂದು ಖಾಸಗಿ ಏರ್‌ಸ್ಟ್ರಿಪ್ಪಿಗೆ ಹೋಗಿ ಹಾರುವುದು ನನ್ನ ಹುಚ್ಚು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಮೈದಾನದ ಆ ತುದಿಯಲ್ಲಿ ವಿಂಚ್ ಎಂಬ ಯಂತ್ರವಿರುತ್ತದೆ. ಅದು ಉದ್ದನೆಯ ಹಗ್ಗವನ್ನು ಸುತ್ತಿಕೊಳ್ಳುತ್ತಾ ನಮ್ಮನ್ನು ಗಾಳಿಪಟದ ಹಾಗೆ ಮೇಲೆತ್ತಿ ಬಿಟ್ಟುಬಿಡುತ್ತದೆ. ಆಮೇಲೆ ಬಿಸಿಗಾಳಿ ಸಿಕ್ಕರೆ ಹದ್ದುಗಳ ಜೊತೆ ಸುತ್ತಬಹುದು, ಸಿಗದಿದ್ದರೆ ಮರ್ಯಾದೆಯಿಂದ ಇಳಿಯಬೇಕು. ನನ್ನ ಗಂಡನ ಕಡೆಯವರು ಇದನ್ನು ತಿರುಗಾಲಿತನ ಎನ್ನುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಆದ್ದರಿಂದ ಅವರು ನನ್ನೆದುರಿಗೆ ಅನ್ನುವುದಿಲ್ಲ.

ಗ್ಲೈಡರ್ ಅಪ್ಪನದು. ಅಪ್ಪ ಗೋಪಿನಾಥ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಯಾವುದೋ ಕ್ಲಬ್ಬಿನವರು ರೆಕ್ಕೆ ಮುರಿದು ಮೂಲೆಗೆಸೆದಿದ್ದ ಇದನ್ನು ತಂದು, ಲಿಂಗಣ್ಣ ಕಾಕಾ ಜೊತೆ ಸೇರಿ ಕ್ವಾರ್ಟರ್ಸಿನ ಹಿತ್ತಲಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಕಾಕಾ ಸುರಪುರದ ಕಡೆಯವರು. ಹುಡುಗರಿದ್ದಾಗ ಹೈದರಾಬಾದಿಗೆ ಬಂದು ವಿಮಾನ ದುರಸ್ತಿ ಕಲಿತು, ಅದರಲ್ಲೇ ಮುದುಕರಾದವರು. ಈಗ ಕಾಚಿಗೂಡದಲ್ಲಿ ಸ್ಟೇಷನ್ನಿನ ಹಿಂದೆ ಒಂದು ಹಳೆಯ ಮನೆಯಲ್ಲಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಗ್ಲೈಡರ್ ನನಗೆ ಬಂತು, ಕಾಕಾ ಕೂಡ ಬಂದರು.

ಮಳೆಗಾಲ ಮುಗಿದ ಕೂಡಲೇ ಪ್ರತಿ ವರ್ಷ ತಪಾಸಣೆ. ರೆಕ್ಕೆ ಕಳಚಬೇಕು, ಸೀಟು, ಚಕ್ರ, ಬಾಲದ ಪಟ್ಟಿ ತೆಗೆಯಬೇಕು, ಕೀಲುಗಳ ಹಳೆ ಗ್ರೀಸು ಒರೆಸಿ ಹೊಸದು ತುಂಬಬೇಕು. ಬೆಲ್ಟು ಎಳೆದು ನೋಡಬೇಕು, ಹಗ್ಗದ ಕೊಂಡಿ ಬಿಡುತ್ತದೋ ಇಲ್ಲವೋ ಪರೀಕ್ಷಿಸಬೇಕು, ಇಡೀ ಮೈಯನ್ನು ನಾಣ್ಯದಿಂದ ಬಡಿದು ಒಳಗೆ ಪೊಳ್ಳಾಗಿದೆಯೋ ಎಂದು ಕಿವಿಗೊಡಬೇಕು. ಎಲ್ಲ ಮುಗಿದು ಮತ್ತೆ ಜೋಡಿಸಿದ ಮೇಲೆ ಕೊನೆಯದು ಈ ಬಾಲ. ಹಾರುವಾಗ ನನ್ನ ಕೈಯಲ್ಲಿರುವ ಕೋಲಿನಿಂದ ಒಂದು ಸರಳು ಹೊಟ್ಟೆಯುದ್ದಕ್ಕೂ ಹರಿದು ಬಾಲಕ್ಕೆ ಬರುತ್ತದೆ. ಅಲ್ಲಿ ಗುಂಡಿನಂಥದೊಂದು ಬಟ್ಟಲಿನಂಥದರಲ್ಲಿ ಕೂತು ಬೀಗ ಬೀಳುತ್ತದೆ, ಆ ಬೀಗ ಜಾರದಂತೆ ಅಡ್ಡಲಾಗಿ ಒಂದು ಪಿನ್ನು. ಮೂಗು ಮೇಲೆತ್ತುವುದೂ ಇಳಿಸುವುದೂ ಆ ಜೋಡಣೆಯಿಂದಲೇ. ಪಿನ್ನು ಇಲ್ಲದಿದ್ದರೂ ಕೆಳಗೆ ನಿಂತು ಕೋಲು ಅಲ್ಲಾಡಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದು ದಿನ ಮೇಲೆ ಕುಲುಕಾಟಕ್ಕೆ ಬೀಗ ಜಾರಿದರೆ, ಕೋಲು ಬರಿಗಡಿಗೆಯಲ್ಲಿಯ ಸೌಟಿನಂತೆ ಸುಮ್ಮನೆ ಆಡುತ್ತದೆ. ಆಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಆ ಜಾಗ ಕಣ್ಣಿಗೆ ಬೀಳುವುದಿಲ್ಲ, ಕನ್ನಡಿ ಹಿಡಿದರೂ ಅಡ್ಡ ಪಟ್ಟಿ ಮರೆ ಮಾಡುತ್ತದೆ. ಕೈಯೇ ಗತಿ. ಅದಕ್ಕೆಂದೇ ನಿಯಮವಿದೆ: ಒಬ್ಬರು ನೋಡಿದ್ದನ್ನು ಇನ್ನೊಬ್ಬರು ತಮ್ಮ ಕೈಯಿಂದ ಬೇರೆಯಾಗಿ ನೋಡಬೇಕು, ಮೊದಲಿನವರ ಮಾತು ನಂಬಬಾರದು. ನಿಯಮ ಬರೆದವರಿಗೆ ನಮ್ಮವರು ಗೊತ್ತಿರಲಿಲ್ಲ. ನಮ್ಮಲ್ಲಿ ಆ ಎರಡನೆಯವನು ಶಿವಪ್ರಕಾಶ. ಒಳ್ಳೆಯ ಎಂಜಿನಿಯರು, ದೊಡ್ಡ ವಿಮಾನಗಳ ಮೇಲೆ ಕೆಲಸ ಮಾಡುವವನು, ಆದರೆ ಲಿಂಗಣ್ಣ ಕಾಕಾನ ಶಿಷ್ಯ. ಕಾಕಾ ‘ಐತಿ’ ಅಂದ ಮೇಲೆ ಇವನು ಕಿಂಡಿಯ ಹತ್ತಿರ ಹೋಗಿ, ಅದರ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಕಾಕಾ ಮುಚ್ಚಳ ಹಾಕಿ ಅದರ ಮೇಲೆ ಕುಂಕುಮ ಇಡುತ್ತಾರೆ. ಕುಂಕುಮ ಬಿದ್ದ ಮುಚ್ಚಳವನ್ನು ಮುಂದಿನ ವರ್ಷದವರೆಗೆ ಯಾರೂ ತೆಗೆಯುವಂತಿಲ್ಲ. ಆಮೇಲೆ ಇಬ್ಬರೂ ತಪಾಸಣೆಯ ಕಾಗದಕ್ಕೆ ಸಹಿ ಹಾಕುತ್ತಾರೆ, ಮೊದಲ ಹಾರಾಟಕ್ಕೆ ಕಾಕಾ ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ತಾನು ನೋಡಿದ ಯಂತ್ರದಲ್ಲಿ ತಾನು ಕೂರದವನು ಸಹಿ ಹಾಕಬಾರದು ಎಂಬುದು ಅವರ ಪಟ್ಟು. ಇದೆಲ್ಲ ನನಗೆ ಬಹಳ ಚಂದ ಕಾಣುತ್ತಿತ್ತು, ಈ ವರ್ಷದ ಚಹಾದವರೆಗೆ.

ಚಹಾ ತಂದದ್ದು ಬಂಡೆಮ್ಮ. ಅವಳ ಗಂಡ ಹುಲಗೇಶ ಏರ್‌ಸ್ಟ್ರಿಪ್ಪಿನ ಕಾವಲುಗಾರ, ಭಾನುವಾರಗಳಲ್ಲಿ ವಿಂಚ್ ಓಡಿಸುವವನೂ ಅವನೇ. ಬಂಡೆಮ್ಮ ಸ್ಟೀಲು ಲೋಟದಲ್ಲಿ ಕುದಿಕುದಿ ಚಹಾ ಕೊಡುತ್ತಾಳೆ. ನಾನು ದುಪಟ್ಟಾದ ತುದಿಯಲ್ಲಿ ಹಿಡಿದೆ, ಶಿವಪ್ರಕಾಶ ಕರವಸ್ತ್ರ ತೆಗೆದ. ಕಾಕಾ ಲೋಟವನ್ನು ಅಂಗೈ ತುಂಬ ಹಿಡಿದು, ಅದೇನೋ ಹಳೆಯ ಕಥೆ ಹೇಳುತ್ತಾ ನಿಂತರು. ಲೋಟದಿಂದ ಹೊಗೆ ಏಳುತ್ತಿತ್ತು. ಹಿರಿಯರ ಕೈ ಕಬ್ಬಿಣದ್ದೆಂದು ಬಂಡೆಮ್ಮ ಮೆಚ್ಚಿ ನಕ್ಕಳು. ಭಟ್ಟಿಯ ಮುಂದೆ ಪಳಗಿದ ಕೈ ಅದು ಎಂದು ಶಿವಪ್ರಕಾಶ ಹೆಮ್ಮೆಯಿಂದ ಸೇರಿಸಿದ. ಕಾಕಾ ಕೂಡ ನಕ್ಕರು, ಆದರೆ ಲೋಟವನ್ನು ಬೇಗನೆ ಕೆಳಗಿಟ್ಟರು.

ನಾನು ನಗಲಿಲ್ಲ. ಅವರ ಹೆಬ್ಬೆರಳಿನ ಒಳಬದಿಗೆ ಬೆಳ್ಳಗೆ ಬೊಬ್ಬೆ ಎದ್ದಿತ್ತು, ಅದರ ಪಕ್ಕದಲ್ಲಿ ಹಳೆಯ ಸುಟ್ಟ ಕಲೆಗಳು ಎರಡು ಮೂರು. ನನ್ನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ತಮ್ಮ ತುಟಿಯನ್ನೇ ಕಚ್ಚಿಕೊಂಡು, ರಕ್ತ ಬಂದರೂ ತಿಳಿಯದೆ ಮಾತಾಡುತ್ತಾ ಕೂರುವವರನ್ನು ದಿನಾ ನೋಡುತ್ತೇನೆ. ಪಳಗಿದ ಕೈಗೂ ಬಿಸಿ ತಟ್ಟುತ್ತದೆ, ತಡೆದುಕೊಳ್ಳುತ್ತದೆ ಅಷ್ಟೇ. ಈ ಕೈಗೆ ತಟ್ಟಿಯೇ ಇರಲಿಲ್ಲ.

ನಾನು ಅದನ್ನು ಯೋಚಿಸುತ್ತಿದ್ದ ಹಾಗೆಯೇ ಕಾಕಾ ಅಂಗಿಯ ತೋಳು ಮಡಚಿ ಬಾಲದ ಕಡೆ ನಡೆದರು. ಶೆಡ್ಡು ಸ್ತಬ್ಧವಾಯಿತು. ಕಣ್ಣು ಮುಚ್ಚಿದರು, ಗದ್ದ ಎತ್ತಿದರು, ಕೈ ಇಳಿಯಿತು. ಸರಳಿಗೆ ಏನೋ ತಾಗಿದ ಸಣ್ಣ ಸದ್ದು. ನಾನು ಅವರ ಮುಖ ನೋಡುತ್ತಿದ್ದೆ. ಹುಡುಕುತ್ತಿರುವವರ ಮುಖದಲ್ಲಿ ಸಿಕ್ಕಾಗ ಒಂದು ಬದಲಾವಣೆ ಆಗುತ್ತದೆ. ಅವರ ಮುಖದಲ್ಲಿ ಏನೂ ಆಗಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ‘ಐತಿ’ ಅಂದರು, ಅಷ್ಟೇ.

ಶಿವಪ್ರಕಾಶ ಕಿಂಡಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಮುಚ್ಚಳ ಬಿತ್ತು, ಕುಂಕುಮ ಬಿತ್ತು. ಹೊರಗೆ ಹುಲಗೇಶ ವಿಂಚಿನ ಎಂಜಿನ್ ಚಾಲೂ ಮಾಡಿ ಬಿಸಿ ಮಾಡತೊಡಗಿದ. ಕಾರ್ಖಾನೆಗಳ ಮೇಲೆ ಹತ್ತಿ ಹಿಂಜಿದಂಥ ಮೋಡಗಳು ಆಗಲೇ ಕಟ್ಟುತ್ತಿದ್ದವು. ಇಂಥ ದಿನಕ್ಕಾಗಿ ನಾನು ಮಳೆಗಾಲವಿಡೀ ಕಾದಿದ್ದೆ.

ಕಾಕಾ ಮುಖ ತೊಳೆಯಲು ನಲ್ಲಿಯ ಕಡೆಗೆ ಹೋದರು. ನಾನು ಶಿವಪ್ರಕಾಶನ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದೆ. ಕಾಕಾನ ಬೆರಳಿಗೆ ಸ್ಪರ್ಶವಿಲ್ಲ ಎಂದು ನನ್ನ ಅನುಮಾನ, ನೀನು ಹೋಗಿ ಕೈ ಹಾಕಿ ನೋಡು ಎಂದೆ. ಅವನ ಮುಖ ಸಣ್ಣಗಾಯಿತು. ನಾನು ಹೇಳಿದ್ದು ಅವನಿಗೆ ಹೊಸದೆನಿಸಲಿಲ್ಲ ಎಂದು ಆಗಲೇ ನನಗೆ ಗೊತ್ತಾಯಿತು. ಹಾಗೇನೂ ಇರಲಾರದು, ವಯಸ್ಸಾಗಿದೆ, ಕೈ ಸ್ವಲ್ಪ ನಿಧಾನ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದು ಸುತ್ತಿ ಬಳಸಿ ಹೇಳಿದ. ನಾನು ಬಿಡಲಿಲ್ಲ.

“ಅಕ್ಕಾ, ಸ್ಪ್ಯಾನರ್ ಹೆಂಗ ಹಿಡೀಬೇಕಂತ ನನಗ ಕಲಿಸಿದವರು ಅವರು,” ಎಂದ. “ಅವರು ಐತಿ ಅಂದ ಮ್ಯಾಲ ನಾ ಕೈ ಹಾಕಿ ನೋಡಿದ್ರ, ಅವರ ಕಪಾಳಕ್ಕ ಹೊಡದಂಗ.”

“ಮತ್ತ ನೀ ಯಾತರ ಮ್ಯಾಲ ಸಹಿ ಹಾಕ್ತೀ?”

ಅವನು ತನ್ನ ಬೂಟು ನೋಡಿಕೊಂಡ. “ಅವರ ಸಹಿ ಮ್ಯಾಲ.”

ನನಗೆ ಮೈಯೆಲ್ಲ ಉರಿಯಿತು. ಎರಡು ಕೈ, ಎರಡು ಸಹಿ ಎಂದು ನಾನು ನಂಬಿಕೊಂಡಿದ್ದೆ. ಇದ್ದದ್ದು ಒಂದೇ ಕೈ, ಅದೂ ಈಗ ಇದೆಯೋ ಇಲ್ಲವೋ. ಇವನ ಭಕ್ತಿಗೆ ನನ್ನ ಜೀವ ದಕ್ಷಿಣೆಯೇ ಎಂದು ಕೇಳಿದೆ. ಅವನು ಕಣ್ಣಲ್ಲಿ ನೀರು ತಂದುಕೊಂಡ. ಅಳುವ ಗಂಡಸರ ಜೊತೆ ಜಗಳವಾಡುವುದು ನನ್ನಿಂದಾಗದು. ಬಿಟ್ಟು ಒಳಗೆ ಬಂದೆ.

ನಲ್ಲಿಯ ನೀರು ಇನ್ನೂ ಬೀಳುತ್ತಿತ್ತು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಲದ ಮುಂದೆ ಮೊಣಕಾಲೂರಿ ಕೂತೆ. ಸುಳ್ಳೇಕೆ, ಕುಂಕುಮದ ಬೊಟ್ಟು ನೋಡಿ ಒಂದು ಗಳಿಗೆ ಕೈ ಹಿಂಜರಿಯಿತು. ನಾನೇನೂ ದೊಡ್ಡ ದೈವಭಕ್ತೆಯಲ್ಲ. ಆದರೆ ಅಪ್ಪನ ಕಾಲದಿಂದ ಯಾರೂ ಮುರಿಯದ ಕಟ್ಟು ಅದು. ತಿರುಪು ಸಡಿಲಿಸಿದೆ. ಕುಂಕುಮ ಹೆಬ್ಬೆರಳಿಗೆ ಮೆತ್ತಿಕೊಂಡಿತು. ಮುಚ್ಚಳ ತೆಗೆದು ಕೈ ಇಳಿಸಿದೆ.

ಕತ್ತಲಲ್ಲಿ ಬೆರಳಿನಿಂದ ನೋಡುವುದು ನನಗೆ ಹೊಸದಲ್ಲ. ತಣ್ಣಗಿನ ಸರಳು ಸಿಕ್ಕಿತು. ಅದರ ಗುಂಟ ಹೋದರೆ ಗುಂಡು, ಅದನ್ನು ಅಪ್ಪಿ ಹಿಡಿದ ಬಟ್ಟಲು, ಅದರ ಬೀಗದ ಪಟ್ಟಿ. ಪಟ್ಟಿಯಲ್ಲಿ ಪಿನ್ನು ಹೋಗುವ ತೂತು. ಬೆರಳ ತುದಿಗೆ ತೂತಿನ ಅಂಚು ಹರಿತವಾಗಿ ಹತ್ತಿತು. ತೂತು ಖಾಲಿ ಇತ್ತು.

ಇನ್ನೊಮ್ಮೆ ಮುಟ್ಟಿದೆ, ಬೇರೆ ಬೆರಳಿನಿಂದ. ಖಾಲಿ. ಕೈಯನ್ನು ಇನ್ನೂ ಕೆಳಗೆ ಬಿಟ್ಟು ತಳ ಸವರಿದೆ. ಧೂಳು, ಒಣಗಿದ ಕಣಜದ ಹುಳ, ಆಮೇಲೆ ತಂತಿಯಂಥದೊಂದು ಸಿಕ್ಕಿತು. ಹೊರಗೆ ತೆಗೆದೆ. ಹೊಸ ಪಿನ್ನು, ಈ ಬೆಳಿಗ್ಗೆ ಕಾಕಾ ಹಾಕಿದ್ದು. ತೂತಿಗೆ ಹೋಗದೆ ಪಕ್ಕದಲ್ಲಿ ಜಾರಿ ಕೆಳಗೆ ಬಿದ್ದಿತ್ತು. ಹಾಕಿದ ಬೆರಳಿಗೆ ಅದು ತಿಳಿದಿರಲಿಲ್ಲ, ಆಮೇಲೆ ಹುಡುಕಿದ ಬೆರಳಿಗೂ ತಿಳಿದಿರಲಿಲ್ಲ.

ಹೆದರಿಕೆ ಆಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ನನ್ನ ಮಗಳು ಗಾನವಿ ಮಧ್ಯಾಹ್ನದ ಊಟಕ್ಕೆ ಕಾಯುತ್ತಿರುತ್ತಾಳೆ ಎಂಬುದು ನೆನಪಾಯಿತು. ಆಮೇಲೆ ಒಂದು ಅಗ್ಗದ ಯೋಚನೆಯೂ ಬಂತು: ಪಿನ್ನನ್ನು ನಾನೇ ಸರಿಯಾಗಿ ಸೇರಿಸಿ, ಮುಚ್ಚಳ ಹಾಕಿ, ಬಂಡೆಮ್ಮನ ಹತ್ತಿರ ಚಿಟಿಕೆ ಕುಂಕುಮ ಕೇಳಿ ಹಚ್ಚಿಬಿಟ್ಟರೆ ಆಯಿತು. ಯಾರಿಗೂ ನೋವಿಲ್ಲ. ಕಾಕಾ ಸಹಿ ಹಾಕುತ್ತಾರೆ, ನಾನು ಹಾರುತ್ತೇನೆ. ಮುಂದಿನ ವರ್ಷ ಮತ್ತೆ ಇದೇ ಕೈ ಇಳಿಯುತ್ತದೆ, ನಾವು ಮತ್ತೆ ಕೆಮ್ಮು ನುಂಗಿಕೊಂಡು ನಿಲ್ಲುತ್ತೇವೆ.

ನಲ್ಲಿ ನಿಂತಿತು. ನಾನು ಪಿನ್ನನ್ನು ಮುಷ್ಟಿಯಲ್ಲಿಟ್ಟುಕೊಂಡು ಎದ್ದು ನಿಂತೆ.

ಕಾಕಾ ಮುಖ ಒರೆಸಿಕೊಳ್ಳುತ್ತಾ ಬಂದರು. ತೆರೆದ ಕಿಂಡಿ ನೋಡಿ ನಿಂತರು. ಹಿಂದೆ ಬಂದ ಶಿವಪ್ರಕಾಶ ಬಾಗಿಲಲ್ಲೇ ಉಳಿದ. ಮುಚ್ಚಳ ತೆಗೆದದ್ದು ಯಾರು ಎಂದು ಕಾಕಾ ಕೇಳಿದರು. ನಾನೇ ಎಂದೆ. ಯಾಕೆ ಎಂದು ಕೇಳಲಿಲ್ಲ, ನನ್ನ ಮುಖವನ್ನೇ ನೋಡಿದರು. ಸಣ್ಣವಳಿದ್ದಾಗ ನನ್ನನ್ನು ಇದೇ ಗ್ಲೈಡರಿನ ಸೀಟಿನಲ್ಲಿ ಕೂರಿಸಿ ಕೋಲು ಹಿಡಿಸಿದವರು ಅವರು. ಅವರ ಕಣ್ಣು ತಪ್ಪಿಸಬಾರದೆಂದು ಹಟ ಹಿಡಿದು ನಿಂತೆ.

“ಕಾಕಾ, ಇನ್ನೊಮ್ಮೆ ನೋಡ್ರಿ,” ಎಂದೆ.

ಅವರು ಬೈಯಬಹುದಿತ್ತು, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಸುಮ್ಮನೆ ತೋಳು ಮಡಚಿದರು. ಕಣ್ಣು ಮುಚ್ಚಿ ಕೈ ಇಳಿಸಿದರು. ಯಾರೂ ಹೇಳದಿದ್ದರೂ ನಾವೆಲ್ಲ ಉಸಿರು ಹಿಡಿದೆವು. ಈ ಸಲ ಬಹಳ ಹೊತ್ತು ತೆಗೆದುಕೊಂಡರು. ಭುಜ ಅತ್ತ ಇತ್ತ ಆಡಿತು, ಹಣೆಯ ಮೇಲೆ ಬೆವರು ಮೂಡಿತು. ಇಲ್ಲ ಅನ್ನಲಿ, ಗೊತ್ತಾಗುತ್ತಿಲ್ಲ ಅನ್ನಲಿ, ಏನಾದರೂ ಅನ್ನಲಿ, ಅದೊಂದು ಮಾತು ಮಾತ್ರ ಬೇಡ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಮುಷ್ಟಿ ಬಿಗಿದು ಪಿನ್ನಿನ ತುದಿ ಅಂಗೈಗೆ ಚುಚ್ಚುತ್ತಿತ್ತು.

“ಐತಿ,” ಅಂದರು ಕಾಕಾ. ಆಮೇಲೆ, ನಾವು ಕೇಳದೆಯೇ, “ಗಟ್ಟಿ ಐತಿ.”

ನಾನು ಮುಷ್ಟಿ ತೆರೆದೆ.

ಅವರು ಮೊದಲು ಪಿನ್ನು ನೋಡಿದರು, ಆಮೇಲೆ ಕಿಂಡಿಯೊಳಗಿದ್ದ ತಮ್ಮ ಕೈಯ ಕಡೆ ನೋಡಿದರು. ನಿಧಾನವಾಗಿ ಹೊರಗೆ ಎಳೆದುಕೊಂಡರು. ಕಿಂಡಿಯ ಅಂಚು ಮಣಿಕಟ್ಟಿಗೆ ಗೀರಿ ರಕ್ತದ ಗೆರೆ ಎದ್ದಿತು. ನೋವಾದವರ ಹಾಗೆ ಅವರ ಮುಖ ಚೂರೂ ಅಲುಗಲಿಲ್ಲ. ಶಿವಪ್ರಕಾಶ ಓಡಿಬಂದು ಕರವಸ್ತ್ರ ಒತ್ತಿದಾಗಲೇ ಅವರಿಗೆ ರಕ್ತ ಕಂಡದ್ದು. ರೆಕ್ಕೆ ಇಡುವ ಮರದ ಸ್ಟ್ಯಾಂಡಿನ ಮೇಲೆ ಕೂತರು.

ಯಾವಾಗಿನಿಂದ ಎಂದು ಕೇಳಿದೆ. ಮೂರು ವರ್ಷ ಆಗಿರಬೇಕು ಎಂದರು. ಸಕ್ಕರೆ ಕಾಯಿಲೆ, ಮೊದಲು ಬೆರಳ ತುದಿಯಷ್ಟೇ ಜೋಮು, ಆಮೇಲೆ ಅಂಗೈ, ಈಗ ಮಣಿಕಟ್ಟು ದಾಟಿದೆಯಂತೆ. ಹಾಗಾದರೆ ಪ್ರತಿ ವರ್ಷ ‘ಐತಿ’ ಅಂದದ್ದು ಯಾವ ಧೈರ್ಯದ ಮೇಲೆ ಎಂದು ಕೇಳಿದೆ. ಕೈಗೆ ಹಾದಿ ಗೊತ್ತಿತ್ತು, ಅಷ್ಟು ಸಾಕು ಅಂದುಕೊಂಡಿದ್ದೆ ಎಂದರು. ಅವರು ಮೆಲ್ಲಗೆ, ಸಿಕ್ಕಿಬಿದ್ದ ಮಗುವಿನ ಹಾಗೆ ಹೇಳುತ್ತಿದ್ದರು. ಕನಿಕರ ಬರುವ ಬದಲು ನನಗೆ ಇನ್ನೂ ರೇಗಿತು.

“ಎಲ್ಲಾ ಗೊತ್ತಿದ್ದೂ ನನ್ನ ಹಿಂದ ಹೆಂಗ ಕೂತ್ರಿ ಕಾಕಾ?”

“ಬಿದ್ರ ನೀ ಒಬ್ಬಾಕಿನ ಬೀಳಬಾರದು ಅಂತ.”

ಕೇಳಿದವರಿಗೆ ಕರುಳು ಕಿತ್ತು ಬರುವ ಮಾತೇನೋ ನಿಜ. ನನಗೂ ಬಂತು, ಸುಳ್ಳಲ್ಲ. ಆದರೆ ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ನಾನು ಬೀಳದ ಹಾಗೆ ನೋಡುವುದು ನಿಮ್ಮ ಕೆಲಸವಾಗಿತ್ತು, ಜೊತೆಗೆ ಬೀಳುವುದಲ್ಲ ಎಂದು ಕೂಗಾಡಿದೆ. ಅಪ್ಪ ಇದ್ದಿದ್ದರೆ ಇದನ್ನು ನಿಮ್ಮ ಬಾಯಿಂದ ಕೇಳಿ ಏನನ್ನುತ್ತಿದ್ದರು ಎಂದೂ ಅಂದೆ. ಅನ್ನಬಾರದಿತ್ತು ಎಂದು ಈಗಲೂ ಅನಿಸುವುದಿಲ್ಲ. ಕೂಗುತ್ತಾ ಕೂಗುತ್ತಾ ಗ್ಲೈಡರಿನ ಮೈಗೆ ಒರಗಿ ನಿಂತು ಅತ್ತೆ. ಹೊರಗೆ ವಿಂಚಿನ ಎಂಜಿನ್ ನಿಂತಿತು. ಬಂಡೆಮ್ಮ ಬಾಗಿಲಿಗೆ ಬಂದು ಇಣುಕಿ ಹಾಗೆಯೇ ಹಿಂದಕ್ಕೆ ಸರಿದಳು.

ಕಾಕಾ ತಟ್ಟನೆ ತಲೆ ಎತ್ತಿ ಇವತ್ತು ಭಾನುವಾರವಲ್ಲವೇ ಎಂದು ಕೇಳಿದರು. ಶಿವಪ್ರಕಾಶನಿಗೆ ಅರ್ಥವಾಯಿತು, ನನಗೆ ಆಗಲಿಲ್ಲ. ಮೈಸೂರಿನಿಂದ ಬಂದು ಇಲ್ಲಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಸೃಜನ್ ಎಂಬುವನ ಗ್ಲೈಡರ್ ಒಂದು ಜಹೀರಾಬಾದಿನಾಚೆ ಇದೆ. ಹೋದ ವಾರ ಅದರ ತಪಾಸಣೆ ಮುಗಿಸಿದ್ದು ಇವರಿಬ್ಬರೇ. ಆವತ್ತು ಕಾಕಾನಿಗೆ ಜ್ವರ ಬಂದು ಮೊದಲ ಹಾರಾಟ ಮುಂದಕ್ಕೆ ಹೋಗಿತ್ತು. ಅದು ಇವತ್ತು. ಕಾಕಾ ಇಲ್ಲಿ ನನ್ನ ಜೊತೆ ಇರುವುದರಿಂದ ಸೃಜನ್ ಒಬ್ಬನೇ ಹಾರುತ್ತಾನೆ.

ಶಿವಪ್ರಕಾಶ ಕಾಕಾನ ಮುಂದೆ ಕುಕ್ಕರಗಾಲಲ್ಲಿ ಕೂತ. ಯಂತ್ರದಲ್ಲಿ ಬೇರೇನೋ ಸಣ್ಣ ಕೆಲಸ ಉಳಿದಿದೆ, ಇವತ್ತು ಬೇಡ ಎಂದಷ್ಟೇ ಹೇಳೋಣ, ನಾಳೆ ಹೋಗಿ ನಾನು ಸದ್ದಿಲ್ಲದೆ ಎಲ್ಲ ನೋಡಿ ಬರುತ್ತೇನೆ ಎಂದು ಬೇಡಿಕೊಂಡ. ಅವನ ಭಯ ನನಗೆ ಕಾಣುತ್ತಿತ್ತು. ಆ ಕಾಗದದಲ್ಲಿ ಅವನ ಸಹಿಯೂ ಇತ್ತು. ಕಾಕಾ ಕೇಳಿಸಿಕೊಳ್ಳಲಿಲ್ಲ, ಫೋನು ಹಚ್ಚು ಎಂದರು.

ಅವನು ಹಚ್ಚಿ ಸ್ಪೀಕರಿಗೆ ಹಾಕಿದ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದ. ಈ ಸಲ ಒಬ್ಬ ಹೆಂಗಸು ಎತ್ತಿದಳು. ಸೃಜನನ ಹೆಂಡತಿ ಅಪೂರ್ವ. ಸೃಜನ್ ಫೋನನ್ನು ಕಾರಿನಲ್ಲಿಯೇ ಬಿಟ್ಟಿದ್ದಾನೆ, ಬೆಲ್ಟು ಕಟ್ಟಿಕೊಂಡು ಗ್ಲೈಡರಿನಲ್ಲಿ ಕೂತಾಗಿದೆ, ಹಗ್ಗ ಸಿಕ್ಕಿಸುತ್ತಿದ್ದಾರೆ, ಇಳಿದ ಮೇಲೆ ಫೋನು ಮಾಡಿಸಲೇ ಎಂದು ನಗುನಗುತ್ತಾ ಕೇಳಿದಳು.

“ಓಡ್ಹೋಗು ತಂಗಿ,” ಎಂದರು ಕಾಕಾ. “ಲಿಂಗಣ್ಣ ಹಾರಬ್ಯಾಡ ಅಂದಾನಂತ ಹೇಳು. ಹಗ್ಗ ಬಿಡಸು.”

ಅವಳು ಮತ್ತೇನೂ ಕೇಳಲಿಲ್ಲ. ಫೋನಿನಲ್ಲಿ ಹೆಜ್ಜೆಯ ಸದ್ದು, ಏದುಸಿರು, ಗಾಳಿ. ದೂರದಲ್ಲಿ ಯಾವುದೋ ಎಂಜಿನ್ ಏರುತ್ತಿತ್ತು. ಅವಳು ಗಂಡನ ಹೆಸರು ಹಿಡಿದು ಕೂಗುವುದು ಕೇಳಿಸಿತು, ಒಮ್ಮೆ, ಇನ್ನೊಮ್ಮೆ. ನಮ್ಮ ಶೆಡ್ಡಿನಲ್ಲಿ ನಾವು ಮೂವರೂ ಆ ಫೋನಿನ ಮೇಲೆ ಬಗ್ಗಿ ನಿಂತಿದ್ದೆವು. ಎಂಜಿನ್ ಸದ್ದು ಇನ್ನೂ ಏರಿತು. ಆಮೇಲೆ ಇಳಿಯಿತು. ಶಿವಪ್ರಕಾಶ ನನ್ನ ಮಣಿಕಟ್ಟು ಹಿಡಿದುಕೊಂಡದ್ದು ನನಗೆ ಆಗ ಗೊತ್ತಾಯಿತು.

“ಹಲೋ ಸಾರ್, ಏನಾಯ್ತು ಸಾರ್?” ಸೃಜನನ ದನಿಯಲ್ಲಿ ಗಾಬರಿ ಇರಲಿಲ್ಲ. ಗುರುಗಳು ಮುಹೂರ್ತ ಸರಿಯಿಲ್ಲ ಅನ್ನುತ್ತಾರೇನೋ ಎಂಬಂತಿತ್ತು.

ಕಾಕಾ ಅವನಿಗೆ ಬಾಲದ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ಪಿನ್ನು ನೋಡಲು ಹೇಳಿದರು. ನೀವು ನೋಡಿದ ಮೇಲೆ ನಾನೇನು ನೋಡುವುದು ಸಾರ್ ಎಂದು ಅವನು ನಕ್ಕ. ಕಾಕಾ ದನಿ ಏರಿಸಿದರು. ಅವನು ಹೋದ. ಮತ್ತೆ ಕಾದೆವು. ತಿರುಪು ಬಿಚ್ಚುವ ಸದ್ದು, ಯಾರದೋ ತೆಲುಗು ಮಾತು. ಕೊನೆಗೆ ಸೃಜನ್ ಬಂದ.

“ಪಿನ್ ಇದೆ ಸಾರ್. ಕೈಗೆ ಸಿಗ್ತಾ ಇದೆ, ಸರಿಯಾಗೇ ಕೂತಿದೆ.”

ಶಿವಪ್ರಕಾಶ ಬಿಟ್ಟ ಉಸಿರು ನನ್ನ ಕಿವಿಗೆ ತಾಗಿತು. ನಾನು ಪಕ್ಕದ ಡಬ್ಬಿಯ ಮೇಲೆ ಕೂತೆ. ಹಾಗಾದರೆ ಹಾರಬಹುದಲ್ಲವೇ, ಮೋಡ ಚೆನ್ನಾಗಿದೆ ಎಂದು ಸೃಜನ್ ಕೇಳುತ್ತಿದ್ದ. ಶಿವಪ್ರಕಾಶ ಕಾಕಾನ ಮುಖ ನೋಡಿ ಹೂಂ ಅನ್ನಿರಿ ಎಂಬಂತೆ ತಲೆಯಾಡಿಸಿದ. ಅಷ್ಟು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲಿಂಗಣ್ಣನವರ ಕೆಲಸದಲ್ಲಿ ತಪ್ಪಿಲ್ಲ ಎಂದು ಜಹೀರಾಬಾದಿನಿಂದಲೇ ಸಾಕ್ಷಿ ಬಂದಿತ್ತು. ನಾನೂ, ಇಷ್ಟೆಲ್ಲ ಕೂಗಾಡಿದವಳು, ಆ ಗಳಿಗೆಯಲ್ಲಿ ಬಾಯಿ ತೆರೆಯಲಿಲ್ಲ.

“ಬ್ಯಾಡ,” ಎಂದರು ಕಾಕಾ. “ಅದು ನಾ ನೋಡಿ ಹಾಕಿದ್ದಲ್ಲಪ್ಪ, ತಾನ ಹೋಗಿ ಕುಂತೈತಿ. ಅದರಾಗ ಇನ್ನೂ ಎಷ್ಟೋ ಕಡೆ ನಾ ಕೈ ಹಾಕೀನಿ. ಎಲ್ಲಾ ಬಿಚ್ಚಿಸಿ ಬ್ಯಾರೆಯವರ ಕಡೆ ನೋಡಸು.”

ಸೃಜನನಿಗೆ ಇದು ತಲೆಗೆ ಹೋಗಲಿಲ್ಲ. ಸಾರ್ ವಿನಯದಿಂದ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡ. ನಿಮ್ಮಂಥ ಕೈ ಹೈದರಾಬಾದಿನಲ್ಲಿ ಇನ್ನೊಂದಿಲ್ಲ, ಬೇರೆಯವರು ಯಾಕೆ ಬೇಕು ಎಂದ. ಅವನು ಮನಸಾರೆ ಹೇಳುತ್ತಿದ್ದ. ಕಾಕಾ ಕಣ್ಣು ಮುಚ್ಚಿಕೊಂಡರು, ಗದ್ದ ಸ್ವಲ್ಪ ಮೇಲೆತ್ತಿದರು.

“ನನ್ನ ಕೈ ಸತ್ತೈತಿ, ಸೃಜನ್. ಮುಟ್ಟಿದ್ರ ಏನೂ ಗೊತ್ತಾಗಂಗಿಲ್ಲ. ಗೊತ್ತಿದ್ದ ನಿನಗ ಸಹಿ ಮಾಡಿ ಕೊಟ್ಟೀನಿ.”

ಆ ಕಡೆ ಗಾಳಿ ಬೀಸುವುದು ಕೇಳುತ್ತಿತ್ತು. ಸೃಜನ್ ಫೋನು ದೂರ ಹಿಡಿದು ಯಾರಿಗೋ ಹಗ್ಗ ತೆಗೆದುಬಿಡಿ ಎಂದು ಹೇಳಿದ. ಆಮೇಲೆ, ಮೊದಲಿನ ದನಿಯಲ್ಲಲ್ಲ, ಸರಿ ಎಂದಷ್ಟೇ ಅಂದು ಫೋನಿಟ್ಟ. ಸಾರ್ ಎನ್ನಲಿಲ್ಲ.

ಕಾಕಾ ಆರಿದ ಫೋನನ್ನೇ ನೋಡುತ್ತಾ ಕೂತರು. ಮಣಿಕಟ್ಟಿಗೆ ಕಟ್ಟಿದ್ದ ಕರವಸ್ತ್ರ ಕೆಂಪಾಗಿ ಸಡಿಲಾಗಿತ್ತು. ನಾನು ಹೋಗಿ ಬಿಗಿ ಮಾಡಿ ಕಟ್ಟಿದೆ. ಅವರು ಬೇಡವೆನ್ನಲಿಲ್ಲ. ಇಂಥದು ಸೃಜನನ ಗ್ಲೈಡರ್ ಒಂದೇ ಇರಬೇಕೆಂದು ನಾನು ಅಂದುಕೊಂಡಿದ್ದೆ. ಮೂರು ವರ್ಷದಲ್ಲಿ ಅವರು ಎಷ್ಟು ಯಂತ್ರಗಳೊಳಗೆ ಕೈ ಇಳಿಸಿದ್ದಾರೆಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವರು ಫೋನನ್ನು ಶಿವಪ್ರಕಾಶನ ಕೈಗೆ ಕೊಟ್ಟರು.

“ಇನ್ನೊಬ್ಬರಿಗೆ ಹಚ್ಚು,” ಎಂದರು.